ವಿಸ್ಕಿ ಸವರ್‌ನ ನೊರೆ ಎರಡೇ ನಿಮಿಷಕ್ಕೆ ಕುಸಿಯುತ್ತಿದೆ: ತಪ್ಪು ಮೊಟ್ಟೆಯದೋ, ನಿಂಬೆಯದೋ, ನನ್ನದೋ?

ಬಾಲ್ಕನಿವಾಸಿ
ಕಳೆದ ಮೂರು ಶನಿವಾರಗಳಿಂದ ಬಸವನಗುಡಿಯ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ವಿಸ್ಕಿ ಸವರ್ ಮಾಡಲು ಪ್ರಯತ್ನಿಸುತ್ತಿದ್ದೇನೆ. ರುಚಿ ಪರವಾಗಿಲ್ಲ, ನೊರೆ ಮಾತ್ರ ಕೈಕೊಡುತ್ತಿದೆ. ಇಂದಿರಾನಗರದ ಬಾರೊಂದರಲ್ಲಿ ಇದೇ ಪಾನೀಯವನ್ನು ಕುಡಿದಾಗ ಒಂದು ಬೆರಳಿನಷ್ಟು ದಪ್ಪಗೆ, ಕಡೆದ ಕೆನೆಯಂತೆ ನಿಂತಿದ್ದ ಬಿಳಿ ಪದರ ಕೊನೆಯ ಗುಟುಕಿನವರೆಗೂ ಕದಲಿರಲಿಲ್ಲ. ನನ್ನ ಲೋಟದಲ್ಲಾದರೋ ಬಟ್ಟೆ ಒಗೆದ ನೀರಿನಂತೆ ದೊಡ್ಡ ದೊಡ್ಡ ಗುಳ್ಳೆಗಳೆದ್ದು, ಎರಡು ನಿಮಿಷ ತುಂಬುವಷ್ಟರಲ್ಲಿ ಅಂಚಿಗೆ ಸರಿದು, ನಡುವೆ ಹಳದಿ ಕೊಳವೊಂದು ತೆರೆದುಕೊಳ್ಳುತ್ತದೆ.

ನನ್ನ ಅಳತೆ ಹೀಗಿದೆ: ವಿಸ್ಕಿ 60 ಮಿ.ಲೀ., ನಿಂಬೆರಸ 25 ಮಿ.ಲೀ., ಸಮಪ್ರಮಾಣದ ಸಕ್ಕರೆ ಮತ್ತು ನೀರಿನಿಂದ ಮಾಡಿದ ಪಾಕ 20 ಮಿ.ಲೀ., ಒಂದು ಮೊಟ್ಟೆಯ ಬಿಳಿ. ಎಲ್ಲವನ್ನೂ ಮಂಜುಗಡ್ಡೆಯೊಂದಿಗೆ ಬಿಗಿ ಮುಚ್ಚಳದ ಸ್ಟೀಲ್ ಬಾಟಲಿಗೆ ಹಾಕಿ ಹದಿನೈದು ಸೆಕೆಂಡು ಕುಲುಕುತ್ತೇನೆ. ಶೇಕರ್ ಇನ್ನೂ ಕೊಂಡಿಲ್ಲ. ನೊರೆ ನಿಲ್ಲುವ ಭರವಸೆ ಸಿಕ್ಕ ಮೇಲೆ ಕೊಳ್ಳೋಣವೆಂದಿದ್ದೇನೆ. ಎಲ್ಲಿ ಎಡವುತ್ತಿದ್ದೇನೆಂದು ಬಲ್ಲವರು ತಿಳಿಸಬೇಕು.

ರಾತ್ರಿಪಾಳಿ
ಆರು ವರ್ಷ ಬಾರ್ ಕಟ್ಟೆಯ ಹಿಂದೆ ನಿಂತವನ ಮಾತು ಇದು. ನೀವು ಮೊದಲಿಗೇ ಮಂಜುಗಡ್ಡೆ ಹಾಕುತ್ತಿರುವುದು ಸರಿಯಲ್ಲ. ಮೊಟ್ಟೆಯ ಬಿಳಿ ತಣ್ಣಗಾದಷ್ಟೂ ಬಿಚ್ಚಿಕೊಳ್ಳಲು ಸತಾಯಿಸುತ್ತದೆ. ಆದ್ದರಿಂದ ಮೊದಲು ಮಂಜುಗಡ್ಡೆಯಿಲ್ಲದೆ ಇಪ್ಪತ್ತು ಸೆಕೆಂಡು ಜೋರಾಗಿ ಕುಲುಕಿ, ಆಮೇಲೆ ಮಂಜುಗಡ್ಡೆ ಹಾಕಿ ಇನ್ನೊಂದು ಹನ್ನೆರಡರಿಂದ ಹದಿನೈದು ಸೆಕೆಂಡು ಕುಲುಕಬೇಕು. ಇದನ್ನೇ ನಾವು ಡ್ರೈ ಶೇಕ್ ಎನ್ನುತ್ತೇವೆ. ಕೆಲವರು ಕ್ರಮವನ್ನು ತಿರುಗಿಸಿ, ಮೊದಲು ಮಂಜುಗಡ್ಡೆಯೊಂದಿಗೆ ಕುಲುಕಿ, ಸೋಸಿ, ಕೊನೆಯಲ್ಲಿ ಬರಿದಾಗಿ ಕುಲುಕುತ್ತಾರೆ. ಹಾಗೆ ಮಾಡಿದರೆ ಕೊನೆಗೆ ಎದ್ದ ನೊರೆಯನ್ನು ಸೋಸಣಿಗೆ ಒಡೆಯುವುದಿಲ್ಲ. ನನಗೆ ಆ ಕ್ರಮವೇ ಹೆಚ್ಚು ಇಷ್ಟ.

ಒಂದು ಎಚ್ಚರಿಕೆಯನ್ನು ಮರೆಯಬೇಡಿ. ಮಂಜುಗಡ್ಡೆಯಿದ್ದಾಗ ಒಳಗಿನ ಗಾಳಿ ತಣಿದು ಕುಗ್ಗುವುದರಿಂದ ಶೇಕರಿನ ಮುಚ್ಚಳ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಬರಿದಾಗಿ ಕುಲುಕುವಾಗ ಆ ಹಿಡಿತ ಇರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಶೇಕರ್ ಬಿಚ್ಚಿಕೊಂಡು, ಇಡೀ ಪಾನೀಯ ಮೇಲಿನ ಫ್ಯಾನಿಗೆ ತಗುಲಿ, ಫ್ಯಾನು ಅದನ್ನು ನಾಲ್ಕು ಮೇಜುಗಳಿಗೆ ಸಮನಾಗಿ ಹಂಚಿತ್ತು.

ಸಿಲ್ಕ್‌ಬೋರ್ಡ್‌ಬಂಧಿ
ಶೀರ್ಷಿಕೆಯಲ್ಲಿ ಸವರ್ ಎಂದು ಓದಿ, ಯಾರೋ ವಿಸ್ಕಿಗೆ ಬೆಣ್ಣೆ ಸವರಲು ಹೊರಟಿದ್ದಾರೆಂದು ಭಾವಿಸಿ ಒಳಗೆ ಬಂದೆ. ಟ್ರಾಫಿಕ್ಕಿನಲ್ಲಿ ಕುಳಿತವನಿಗೆ ಇಷ್ಟಾದರೂ ಮನರಂಜನೆ ಬೇಕು.

ನಿಂಬೆಹುಳಿ
ಎಲ್ಲರೂ ಮೊಟ್ಟೆಯ ಹಿಂದೆ ಬಿದ್ದಿದ್ದೀರಿ, ಆದರೆ ದೋಷವಿರುವುದು ನಿಂಬೆಯಲ್ಲಿ. ಆ ಅಳತೆ ಹೊರದೇಶದ ಹಳದಿ, ದಪ್ಪ ಸಿಪ್ಪೆಯ ಲೆಮನ್‌ಗೆ ಬರೆದದ್ದು. ಗಾಂಧಿಬಜಾರಿನಲ್ಲಿ ನಾವು ಕೊಳ್ಳುವ, ತೆಳು ಸಿಪ್ಪೆಯ ಪುಟ್ಟ ನಿಂಬೆ ಲೈಮ್ ಗುಂಪಿಗೆ ಸೇರಿದ್ದು. ನಮ್ಮ ನಿಂಬೆ ಅದಕ್ಕಿಂತ ಎರಡು ಪಟ್ಟು ಹುಳಿ. ಅಷ್ಟು ಹುಳಿ ಬಿದ್ದರೆ ಮೊಟ್ಟೆಯ ಬಿಳಿ ಹಾಲಿನಂತೆ ಒಡೆಯದೆ ಇನ್ನೇನಾಗುತ್ತದೆ? ರಸವನ್ನು 12 ಮಿ.ಲೀ.ಗೆ ಇಳಿಸಿ ನೋಡಿ. ಸೊಲ್ಲಾಪುರದ ರಸ್ತೆಯಲ್ಲಿ ಇಂಡಿ ತಾಲ್ಲೂಕಿನ ನಿಂಬೆ ತೋಟಗಳನ್ನು ನೋಡುತ್ತಲೇ ಬೆಳೆದವನು ನಾನು, ಈ ಹುಳಿಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಪ್ರೋಟೀನ್‌ಪಂಡಿತ
ಇಂಡಿಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅದರ ಗೌರವಕ್ಕೆ ಕುಂದು ತರುವುದು ನನ್ನ ಉದ್ದೇಶವಲ್ಲ. ಆದರೆ ಎರಡು ಪಟ್ಟು ಹುಳಿ ಎಂಬುದು ತಪ್ಪು. ಲೆಮನ್ನಿನ ರಸವಾಗಲಿ ಲೈಮ್‌ನ ರಸವಾಗಲಿ, ಆಮ್ಲದ ಪ್ರಮಾಣ ಶೇ. 6ರ ಆಸುಪಾಸಿನಲ್ಲಿಯೇ ಇರುತ್ತದೆ. ವ್ಯತ್ಯಾಸವಿರುವುದು ಪರಿಮಳದಲ್ಲಿ ಮತ್ತು ನಾಲಿಗೆಗೆ ಅನಿಸುವ ಚುರುಕಿನಲ್ಲಿ. 25ಕ್ಕೆ 25 ಹಾಕಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಎರಡನೆಯದಾಗಿ, ಹುಳಿ ಈ ನೊರೆಯ ಶತ್ರುವಲ್ಲ, ಮಿತ್ರ. ಮೊಟ್ಟೆಯ ಬಿಳಿಯಲ್ಲಿ ಸುಮಾರು ಶೇ. 90ರಷ್ಟು ನೀರು, ಶೇ. 10ರಷ್ಟು ಪ್ರೋಟೀನ್ ಇರುತ್ತದೆ. ಆ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚು ಪಾಲು ಓವಾಲ್ಬುಮಿನ್. ಉಂಡೆಯಾಗಿ ಸುತ್ತಿಕೊಂಡಿರುವ ಈ ಎಳೆಗಳು ಕುಲುಕಿದಾಗ ಬಿಚ್ಚಿಕೊಂಡು, ನೀರನ್ನು ಬಯಸುವ ಭಾಗವನ್ನು ನೀರಿನ ಕಡೆಗೂ ಅದನ್ನು ದೂರವಿಡುವ ಭಾಗವನ್ನು ಗಾಳಿಯ ಕಡೆಗೂ ತಿರುಗಿಸಿ, ಪ್ರತಿ ಗುಳ್ಳೆಯ ಸುತ್ತಲೂ ಬಲೆಯೊಂದನ್ನು ಹೆಣೆಯುತ್ತವೆ. ಹುಳಿ ಸೇರಿದಾಗ ಆ ಎಳೆಗಳು ಒಂದಕ್ಕೊಂದು ಸುಲಭವಾಗಿ ಆತುಕೊಳ್ಳುತ್ತವೆ. ಬೇಕರಿಯವರು ಮೊಟ್ಟೆಯ ಬಿಳಿಯನ್ನು ಕಡೆಯುವಾಗ ಚಿಟಿಕೆ ಟಾರ್ಟಾರ್ ಪುಡಿಯನ್ನೋ ನಾಲ್ಕು ಹನಿ ನಿಂಬೆರಸವನ್ನೋ ಹಾಕುವುದು ಇದಕ್ಕಾಗಿಯೇ. ಸಕ್ಕರೆ ಪಾಕ ದ್ರವವನ್ನು ಮಂದಗೊಳಿಸಿ, ನೊರೆಯಿಂದ ನೀರು ಕೆಳಗಿಳಿಯುವುದನ್ನು ತಡಮಾಡುತ್ತದೆ. ನೀವು ಹೇಳಿದಂತೆ ರಸವನ್ನು ಅರ್ಧಕ್ಕಿಳಿಸಿದರೆ ಉಳಿಯುವುದು ಸಿಹಿ ವಿಸ್ಕಿ, ಸವರ್ ಅಲ್ಲ.

ನಿಂಬೆಹುಳಿ
ಪರಿಮಳ ಬೇರೆ ಎಂಬುದನ್ನು ಒಪ್ಪಿದಿರಲ್ಲ, ಅಷ್ಟು ಸಾಕು. ರಸವನ್ನು ಬೆಳಿಗ್ಗೆಯೇ ಹಿಂಡಿ ಫ್ರಿಜ್ಜಿನಲ್ಲಿಟ್ಟು ರಾತ್ರಿ ಬಳಸುವವರ ಬಗ್ಗೆಯೂ ಒಂದು ಮಾತು ಹೇಳಿ. ಹಿಂಡುಗದಲ್ಲಿ ಬೀಜವೂ ಬಿಳಿ ತಿರುಳೂ ಜಜ್ಜಿಹೋಗುವಷ್ಟು ಒತ್ತಿ, ಆಮೇಲೆ ಕಹಿಯಾಯಿತೆಂದು ವಿಸ್ಕಿಯನ್ನು ಬೈಯುವವರನ್ನು ಕಣ್ಣಾರೆ ಕಂಡಿದ್ದೇನೆ.

ಮಲ್ಲೇಶ್ವರದಜ್ಜ
ನನ್ನ ವಯಸ್ಸು ಎಪ್ಪತ್ತೆರಡು. ಹಸಿ ಮೊಟ್ಟೆಯನ್ನು ಲೋಟಕ್ಕೆ ಒಡೆದು ಕುಡಿಯುವುದು ಗರಡಿಮನೆಯ ಹುಡುಗರ ಕೆಲಸವೆಂದು ತಿಳಿದಿದ್ದೆ. ಅಂಗಡಿಯ ಮುಂದೆ ಬಿಸಿಲಿನಲ್ಲಿ ದಿನಗಟ್ಟಲೆ ಕುಳಿತ ಟ್ರೇಯಿಂದ ಮೊಟ್ಟೆ ತಂದು ನೀವು ಇದನ್ನು ಮಾಡುತ್ತಿದ್ದರೆ, ನೊರೆ ನಿಲ್ಲುತ್ತದೋ ಇಲ್ಲವೋ ಎಂಬುದಕ್ಕಿಂತ ಹೊಟ್ಟೆ ನಿಲ್ಲುತ್ತದೋ ಎಂದು ಮೊದಲು ಕೇಳಿಕೊಳ್ಳಿ.

ಸಿಲ್ಕ್‌ಬೋರ್ಡ್‌ಬಂಧಿ
ವಿಸ್ಕಿ ಬಿದ್ದ ಮೇಲೆ ರೋಗಾಣು ಬದುಕುತ್ತದೆಯೇ, ಅಜ್ಜ?

ಪ್ರೋಟೀನ್‌ಪಂಡಿತ
ಬದುಕಬಲ್ಲದು. ಮದ್ಯವೂ ಹುಳಿಯೂ ಸೇರಿ ಎರಡು ಮೂರು ನಿಮಿಷಗಳಲ್ಲಿ ಸಾಲ್ಮೊನೆಲ್ಲಾವನ್ನು ಖಚಿತವಾಗಿ ಕೊಲ್ಲುತ್ತವೆಂದು ನಂಬಿ ಕೂರಬಾರದು. ಅಜ್ಜ ಹೇಳಿದ್ದು ಸರಿ. ಬಿರುಕಿಲ್ಲದ, ಶುಚಿಯಾದ, ತಂದ ತಕ್ಷಣ ಫ್ರಿಜ್ಜಿಗೆ ಸೇರಿದ ಮೊಟ್ಟೆಯನ್ನೇ ಬಳಸಬೇಕು. ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆ ಮೊಟ್ಟೆಯ ವಯಸ್ಸನ್ನು ಹೇಳುತ್ತದೆಯೇ ಹೊರತು ಅದರೊಳಗಿನ ರೋಗಾಣುವನ್ನಲ್ಲ. ರೋಗನಿರೋಧಕ ಶಕ್ತಿ ಕುಂದಿದವರು ಮತ್ತು ವಯಸ್ಸಾದವರು ಹಸಿ ಮೊಟ್ಟೆಯಿಂದ ದೂರವಿರುವುದೇ ಕ್ಷೇಮ. ಪಾಶ್ಚರೀಕರಿಸಿದ ಬಿಳಿ ಸಿಕ್ಕರೆ ಧಾರಾಳವಾಗಿ ಬಳಸಿ. ನೊರೆ ಏಳಲು ತುಸು ಹೆಚ್ಚು ಕುಲುಕಬೇಕಾಗುತ್ತದೆ, ಅಷ್ಟೆ.

ಮೊಟ್ಟೆಯ ವಯಸ್ಸಿಗೂ ನೊರೆಗೂ ನಂಟಿದೆ. ಹಳೆಯ ಮೊಟ್ಟೆಯ ಬಿಳಿ ನೀರಾಗಿರುವುದರಿಂದ ಬೇಗ ಉಬ್ಬಿ ಬೇಗ ಕುಸಿಯುತ್ತದೆ. ತಾಜಾ ಮೊಟ್ಟೆಯದು ನಿಧಾನವಾಗಿ ಎದ್ದು ಗಟ್ಟಿಯಾಗಿ ನಿಲ್ಲುತ್ತದೆ.

ಸಸ್ಯಾಹಾರಿಸಂಜೆ
ಮೊಟ್ಟೆ ಇಷ್ಟೊಂದು ತಲೆನೋವಾದರೆ ಅದನ್ನು ಬಿಟ್ಟುಬಿಡಬಹುದಲ್ಲವೇ? ಕಾಬೂಲಿ ಕಡಲೆ ಬೇಯಿಸಿದ ನೀರು ಇದೇ ಕೆಲಸವನ್ನು ಮಾಡುತ್ತದೆ. ಫ್ರಾನ್ಸಿನ ಜೊಯೆಲ್ ರೋಸೆಲ್ 2014ರಲ್ಲಿ ಕಾಳಿನ ನೀರು ಮೊಟ್ಟೆಯ ಬಿಳಿಯಂತೆ ನೊರೆಯಾಗುವುದನ್ನು ತೋರಿಸಿದರು. 2015ರಲ್ಲಿ ಅಮೆರಿಕದ ಗೂಸ್ ವೋಲ್ಟ್ ಅದಕ್ಕೆ ಅಕ್ವಾಫಾಬಾ ಎಂದು ಹೆಸರಿಟ್ಟರು. ಹೆಸರು ಲ್ಯಾಟಿನ್ನಿನದು, ನೀರು ಮತ್ತು ಬೀನ್ಸ್ ಕಾಳು ಎಂಬ ಅರ್ಥದ್ದು.

ನಾನು ಮಾಡುವ ಕ್ರಮ ಇದು. ಕಡಲೆಯನ್ನು ರಾತ್ರಿಯಿಡೀ ನೆನೆಸಿ, ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಉಪ್ಪು, ಸೋಡಾ, ಎಣ್ಣೆ ಯಾವುದನ್ನೂ ಹಾಕದೆ ಕುಕ್ಕರಿನಲ್ಲಿ ಬೇಯಿಸುತ್ತೇನೆ. ಕಾಳನ್ನು ಅದೇ ನೀರಿನಲ್ಲಿ ಆರಲು ಬಿಟ್ಟು, ಬಸಿದು, ಮೊಟ್ಟೆಯ ಬಿಳಿಯಷ್ಟು ಮಂದವಾಗುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ ಇಳಿಸುತ್ತೇನೆ. ಒಂದು ಲೋಟಕ್ಕೆ 25ರಿಂದ 30 ಮಿ.ಲೀ. ಸಾಕು. ಉಳಿದದ್ದನ್ನು ಮಂಜುಗಡ್ಡೆಯ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿಟ್ಟರೆ ಮುಂದಿನ ವಾರಕ್ಕೂ ಆಯಿತು. ಮೊಟ್ಟೆಯ ಹಸಿವಾಸನೆಯೂ ಇರುವುದಿಲ್ಲ.

ಮಲ್ಲೇಶ್ವರದಜ್ಜ
ಇದಕ್ಕೆ ಲ್ಯಾಟಿನ್ ಹೆಸರೇಕೆ? ಕಾಳು ಬೇಯಿಸಿ ಬಸಿದ ನೀರನ್ನು ನಮ್ಮಲ್ಲಿ ಕಟ್ಟು ಎನ್ನುತ್ತಾರೆ. ಹೋಳಿಗೆ ಮಾಡಿದ ದಿನ ಬೇಳೆಯ ಕಟ್ಟಿನಿಂದ ಸಾರು ಮಾಡುವುದಿಲ್ಲವೇ? ಬಸ್ಸಾರೆಂದರೆ ಮತ್ತೇನು? ನಮ್ಮ ಮನೆಯ ಹೆಂಗಸರು ತಲೆಮಾರುಗಳಿಂದ ಕಟ್ಟಿನ ಮೇಲೆ ಉಕ್ಕುವ ನೊರೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲಿದ್ದಾರೆ. ನೀವು ಅದನ್ನೇ ಬಾಚಿ ಲೋಟಕ್ಕೆ ಹಾಕುತ್ತಿದ್ದೀರಿ.

ಸಸ್ಯಾಹಾರಿಸಂಜೆ
ಅಜ್ಜ, ನೀವು ಗೆದ್ದಿರಿ. ಇಂದಿನಿಂದ ನಮ್ಮ ಮನೆಯಲ್ಲಿ ಅದು ಕಡಲೆಕಟ್ಟು.

ಪ್ರೋಟೀನ್‌ಪಂಡಿತ
ಕಟ್ಟಿನ ನೊರೆಗೆ ಕಾಳಿನಿಂದ ಇಳಿದ ಪ್ರೋಟೀನಿನ ಜೊತೆಗೆ ಸಪೋನಿನ್ ಎಂಬ ವಸ್ತುಗಳೂ ಕಾರಣ. ಅಜ್ಜಿಯರು ತಲೆಗೆ ಹಚ್ಚುತ್ತಿದ್ದ ಅಂಟುವಾಳದ ನೊರೆಯೂ ಇದೇ ಕುಟುಂಬದ್ದು. ಹಾಗೆಂದು ಯಾರೂ ಅಂಟುವಾಳವನ್ನು ಕುಲುಕಿ ಕುಡಿಯಲು ಹೋಗಬೇಡಿ, ಅದು ಹೊಟ್ಟೆಗಲ್ಲ.

ಪಾನಕಪ್ರಿಯೆ
ಮದ್ಯ ಮುಟ್ಟದವರಿಗೂ ಇಲ್ಲಿ ಜಾಗವಿದೆಯೇ? ರಾಮನವಮಿಯ ಪಾನಕದ ಮೇಲೆ ಇಂಥ ನೊರೆ ಕೂರಿಸಿ ನೋಡಿದೆ. ಬೆಲ್ಲ, ನಿಂಬೆರಸ, ಏಲಕ್ಕಿ, ಚಿಟಿಕೆ ಮೆಣಸಿನ ಪುಡಿ, ಜೊತೆಗೆ ಕಡಲೆಕಟ್ಟು. ನೊರೆ ಎದ್ದಿತು, ಆದರೆ ಬೆಲ್ಲದ ಕಸವೆಲ್ಲ ಅದರ ಮೇಲೆ ಚುಕ್ಕೆಚುಕ್ಕೆಯಾಗಿ ಕುಳಿತಿತು. ಬೆಲ್ಲವನ್ನು ಕರಗಿಸಿ ಬಟ್ಟೆಯಲ್ಲಿ ಸೋಸಿದ ಮೇಲೆ ಸರಿಹೋಯಿತು. ದೇವನಹಳ್ಳಿಯ ಚಕ್ಕೋತದ ರಸದಲ್ಲಿ ಮಾಡಿದಾಗ ಬಣ್ಣ ತುಂಬ ಚೆನ್ನಾಗಿ ಬಂದಿತು, ಆದರೆ ಹುಳಿ ಸಾಲದೆ ನಿಂಬೆಯನ್ನು ಬೆರೆಸಬೇಕಾಯಿತು. ಅದರ ತೊಳೆಗಳ ಪೊರೆಯನ್ನು ಪೂರ್ತಿ ಬಿಡಿಸದಿದ್ದರೆ ಕಹಿ ಗಂಟಲಿನವರೆಗೂ ಇಳಿಯುತ್ತದೆ.

ನಿಂಬೆಹುಳಿ
ಹೇರಳೆಕಾಯಿಯನ್ನು ಯಾರೂ ಪ್ರಯತ್ನಿಸಿಲ್ಲವೇ? ಅದರ ಸಿಪ್ಪೆಯ ಎಣ್ಣೆಯ ಒಂದು ಹನಿ ನೊರೆಯ ಮೇಲೆ ಬಿದ್ದರೆ ಇಡೀ ಕೋಣೆ ಚಿತ್ರಾನ್ನದ ಪರಿಮಳದಿಂದ ತುಂಬುತ್ತದೆ.

ರಾತ್ರಿಪಾಳಿ
ಕುಡಿಯುವಾಗ ಚಿತ್ರಾನ್ನ ನೆನಪಾಗುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯದು, ಆದರೆ ತತ್ತ್ವ ಸರಿಯಾಗಿದೆ. ನೊರೆಯ ಮೇಲೆ ಪರಿಮಳ ಕೂರಿಸುವುದು ಅಲಂಕಾರಕ್ಕಷ್ಟೇ ಅಲ್ಲ, ಮೂಗಿಗೆ ಮೊದಲು ತಗುಲುವ ಹಸಿಮೊಟ್ಟೆಯ ವಾಸನೆಯನ್ನು ಮರೆಮಾಡುವುದಕ್ಕೂ ಹೌದು. ದ್ರಾಕ್ಷಿಯ ಮದ್ಯವಾದ ಪಿಸ್ಕೋದಿಂದ ಮಾಡುವ ಪೆರುವಿನ ಪಿಸ್ಕೋ ಸವರ್‌ನ ಮೇಲೆ ಎರಡು ಮೂರು ಹನಿ ಬಿಟರ್ಸ್, ಎಂದರೆ ಗಿಡಮೂಲಿಕೆಗಳ ಕಹಿ ಸಾರ, ಬೀಳುವುದು ಅದಕ್ಕಾಗಿಯೇ. ಲಿಮಾ ನಗರದಲ್ಲಿ 1916ರಲ್ಲಿ ಬಾರ್ ತೆರೆದ ವಿಕ್ಟರ್ ಮಾರಿಸ್ ಎಂಬ ಅಮೆರಿಕನ್ನನ ಹೆಸರಿನೊಂದಿಗೆ ಆ ಪಾನೀಯ ಬೆಸೆದುಕೊಂಡಿದೆ. ಚಿಲಿಯವರು ಅದು ತಮ್ಮದೆಂದು ಇಂದಿಗೂ ಜಗಳವಾಡುತ್ತಾರೆ, ಆದರೆ ತಮ್ಮದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ. ಬಿಟರ್ಸ್ ದುಬಾರಿ ಎನಿಸಿದರೆ ಜಾಯಿಕಾಯಿಯನ್ನು ಮೂರು ಬಾರಿ ತುರಿಮಣೆಗೆ ಎಳೆಯಿರಿ, ಸಾಕು.

ಸಿಲ್ಕ್‌ಬೋರ್ಡ್‌ಬಂಧಿ
ವಿಸ್ಕಿ ಯಾವುದೆಂದು ಯಾರೂ ಕೇಳಲಿಲ್ಲ. ನಮ್ಮ ಊರಿನ ಅಮೃತ್ ಸಿಂಗಲ್ ಮಾಲ್ಟ್ ಹಾಕಬಹುದೇ?

ಮಲ್ಲೇಶ್ವರದಜ್ಜ
ಖಂಡಿತ ಕೂಡದು. 2004ರಲ್ಲಿ ಗ್ಲಾಸ್ಗೋಗೇ ಹೋಗಿ ಬಿಡುಗಡೆಯಾಗಿ ಸ್ಕಾಟರ ಮುಂದೆ ತಲೆಯೆತ್ತಿ ನಿಂತ ವಿಸ್ಕಿಗೆ ನಿಂಬೆಹಣ್ಣು ಹಿಂಡುವುದೆಂದರೆ ಸಂಗೀತ ಕಛೇರಿಯ ನಡುವೆ ಮಿಕ್ಸಿ ತಿರುಗಿಸಿದಂತೆ.

ರಾತ್ರಿಪಾಳಿ
ಅಜ್ಜನೊಂದಿಗೆ ಅರ್ಧ ಒಪ್ಪುತ್ತೇನೆ. ಸವರ್‌ಗೆ ರೂಢಿಯಲ್ಲಿ ಹಾಕುವುದು ಬೂರ್ಬನ್ ಎಂಬ ಅಮೆರಿಕದ ವಿಸ್ಕಿ; ಅದರ ಓಕ್ ಮರದ ಸಿಹಿ ನಿಂಬೆಗೆ ಹೊಂದುತ್ತದೆ. ಹಾಗೆಂದು ಅತ್ಯಂತ ಅಗ್ಗದ್ದನ್ನು ಹಾಕಿದರೆ ನಿಂಬೆ ಅದನ್ನು ಮುಚ್ಚಿಹಾಕುತ್ತದೆಂಬುದು ಭ್ರಮೆ, ಮರುದಿನ ತಲೆ ಎಲ್ಲವನ್ನೂ ಬಯಲು ಮಾಡುತ್ತದೆ.

ಕಡೆಗೋಲು
ತಡವಾಗಿ ಬಂದೆ, ಕ್ಷಮಿಸಿ. ಶೇಕರಿಗೆ ಹಣ ಸುರಿಯುವ ಅಗತ್ಯವೇ ಇಲ್ಲ. ನನ್ನ ಹೆಸರೇ ಹೇಳುವಂತೆ, ಮಜ್ಜಿಗೆ ಕಡೆಯುವ ಕಡೆಗೋಲನ್ನು ತೆಗೆದುಕೊಳ್ಳಿ. ಆಳವಾದ ಚೊಂಬಿಗೆ ಎಲ್ಲವನ್ನೂ ಹಾಕಿ, ಮಂಜುಗಡ್ಡೆಯಿಲ್ಲದೆ ಒಂದು ನಿಮಿಷ ಅಂಗೈಗಳ ನಡುವೆ ಹೊಸೆದರೆ, ಡ್ರೈ ಶೇಕ್ ಎನ್ನುವ ನಿಮ್ಮ ಕಸರತ್ತಿಗಿಂತ ಸಣ್ಣ ಗುಳ್ಳೆಗಳು ಏಳುತ್ತವೆ. ಫ್ಯಾನಿಗೂ ಅಪಾಯವಿಲ್ಲ. ಆಮೇಲೆ ಮಂಜುಗಡ್ಡೆ ಹಾಕಿ ಕುಲುಕಿ ಸೋಸಿದರೆ ಮುಗಿಯಿತು.

ಪ್ರೋಟೀನ್‌ಪಂಡಿತ
ಉಪಾಯ ಜಾಣತನದ್ದು, ಆದರೆ ಬೆಣ್ಣೆ ತೆಗೆಯುವ ಅದೇ ಕಡೆಗೋಲನ್ನು ಬಳಸಬೇಡಿ. ಮರದ ಸಂದಿಯಲ್ಲಿ ಕುಳಿತ ಜಿಡ್ಡು ನೊರೆಗೆ ಯಮ. ಗುಳ್ಳೆಯ ಮೇಲ್ಮೈಯಲ್ಲಿ ಪ್ರೋಟೀನು ಹೆಣೆಯುವ ಬಲೆಯ ಜಾಗವನ್ನು ಜಿಡ್ಡು ಕಸಿದುಕೊಳ್ಳುತ್ತದೆ, ಬಲೆ ಹರಿಯುತ್ತದೆ. ಮೊಟ್ಟೆಯನ್ನು ಬೇರ್ಪಡಿಸುವಾಗ ಹಳದಿಯ ಒಂದು ಹನಿ ಬಿದ್ದರೂ ಕೆಲಸ ಕೆಡುವುದು ಇದರಿಂದಲೇ.

ಕಡೆಗೋಲು
ಇದು ಪುಸ್ತಕದ ಬದನೆಕಾಯಿ. ನ್ಯೂ ಆರ್ಲಿಯನ್ಸ್‌ನ ಹೆನ್ರಿ ರಾಮೋಸ್ 1888ರಲ್ಲಿ ತಯಾರಿಸಿದ ಜಿನ್ ಫಿಝ್‌ಗೆ ಮೊಟ್ಟೆಯ ಬಿಳಿಯ ಜೊತೆಗೆ ಕೆನೆಯನ್ನೂ ಹಾಕುತ್ತಾರೆ. ಕೆನೆಯೆಂದರೆ ಜಿಡ್ಡಲ್ಲದೆ ಮತ್ತೇನು? ಆದರೂ ಅದರ ನೊರೆ ಲೋಟದ ಅಂಚನ್ನು ಮೀರಿ ಗೋಪುರದಂತೆ ಏಳುತ್ತದೆ. ಇದಕ್ಕೇನು ಹೇಳುತ್ತೀರಿ?

ಪ್ರೋಟೀನ್‌ಪಂಡಿತ
ಒಳ್ಳೆಯ ಪ್ರಶ್ನೆ, ಮೊದಲ ಬಾರಿಗೆ ಯೋಚಿಸುವಂತೆ ಮಾಡಿದಿರಿ. ಕೆನೆಯಲ್ಲಿರುವ ಜಿಡ್ಡು ಬಿಡಿಯಾಗಿ ತೇಲುವುದಿಲ್ಲ. ಸಣ್ಣ ಹನಿಗಳಾಗಿ, ತನ್ನದೇ ಪೊರೆಯೊಳಗೆ ಸುತ್ತಿಕೊಂಡಿರುತ್ತದೆ. ಆ ಪೊರೆ ಹರಿದು ಹೊರಬಂದ ಜಿಡ್ಡೇ ಬೆಣ್ಣೆ. ಕಡೆಗೋಲಿಗೆ ಅಂಟಿರುವುದು ಈ ಎರಡನೆಯದು. ಇನ್ನು ರಾಮೋಸರ ಪಾನೀಯವನ್ನು ಎಷ್ಟು ಹೊತ್ತು ಕುಲುಕಬೇಕಾಗಿತ್ತೆಂದರೆ, ಅದಕ್ಕಾಗಿಯೇ ಸಾಲಾಗಿ ನಿಲ್ಲುವ ಹುಡುಗರನ್ನು ನೇಮಿಸಿಕೊಂಡಿದ್ದರು. ಮೇಲಿನ ಗೋಪುರವನ್ನು ಎತ್ತುವುದರಲ್ಲಿ ಕೊನೆಯಲ್ಲಿ ಸುರಿಯುವ ಸೋಡಾದ ಪಾಲೂ ಇದೆ.

ಕಡೆಗೋಲು
ಸರಿ. ಹೊಸ ಕಡೆಗೋಲನ್ನು ಕೊಂಡು ಬೇರೆಯಾಗಿ ಇಡುತ್ತೇನೆ. ಸೋತೆನೆಂದು ಯಾರೂ ಹೇಳಬೇಡಿ.

ಬಾಲ್ಕನಿವಾಸಿ
ಒಂದು ನಿಮಿಷ. ಜಿಡ್ಡಿನ ಮಾತು ಓದಿದವನು ಎದ್ದು ಅಡುಗೆಮನೆಗೆ ಹೋಗಿ ಬಂದೆ. ನಾನು ಶೇಕರಿನ ಬದಲಿಗೆ ಬಳಸುತ್ತಿರುವ ಸ್ಟೀಲ್ ಬಾಟಲಿ ನಾಲ್ಕು ವರ್ಷ ಪ್ರತಿದಿನ ನನ್ನೊಂದಿಗೆ ಕಚೇರಿಗೆ ಮಜ್ಜಿಗೆ ಹೊತ್ತ ಬಾಟಲಿ. ಪ್ರತಿ ಬಾರಿಯೂ ತೊಳೆದಿದ್ದೇನೆ, ಹೊಳೆಯುತ್ತಲೂ ಇದೆ. ಆದರೆ ಮುಚ್ಚಳದೊಳಗಿನ ರಬ್ಬರ್ ಉಂಗುರವನ್ನು ಈಗ ಚಾಕುವಿನ ತುದಿಯಿಂದ ಎಬ್ಬಿಸಿ ನೋಡಿದರೆ, ಅದರ ಕೆಳಗೆ ಹಳದಿ ಬಣ್ಣದ ಜಿಡ್ಡಿನ ಪದರವೊಂದು ಶಾಸನದಂತೆ ಕುಳಿತಿದೆ. ವಾಸನೆಯನ್ನು ವರ್ಣಿಸುವುದಿಲ್ಲ.

ಪಾನಕಪ್ರಿಯೆ
ಮೂರು ಶನಿವಾರ ನೀವು ಕುಡಿದದ್ದು ವಿಸ್ಕಿ ಮಜ್ಜಿಗೆ.

ರಾತ್ರಿಪಾಳಿ
ಬಾಟಲಿಯನ್ನು ಮಜ್ಜಿಗೆಗೇ ಮರಳಿಸಿ. ಸದ್ಯಕ್ಕೆ ಬಿಗಿ ಮುಚ್ಚಳದ ಗಾಜಿನ ಜಾಡಿಯೊಂದನ್ನು ಬಿಸಿನೀರು ಮತ್ತು ಸೋಪಿನಿಂದ ತೊಳೆದು, ಒಳಗೆಲ್ಲ ನಿಂಬೆಯ ಹೋಳು ಉಜ್ಜಿ, ಒರೆಸಿ ಬಳಸಿ. ಉಪ್ಪಿನಕಾಯಿಯ ಜಾಡಿ ಬೇಡವೆಂದು ಬೇರೆಯಾಗಿ ಹೇಳಬೇಕೇ? ಮಂಜುಗಡ್ಡೆಯನ್ನು ಫ್ರೀಜರಿನಿಂದ ಕೊನೆಯ ಕ್ಷಣದಲ್ಲಿ ತೆಗೆಯಿರಿ. ಹೊರಗಿಟ್ಟು ಬೆವರಿದ ಮಂಜುಗಡ್ಡೆ ಪಾನೀಯವನ್ನು ತಣಿಸುವ ಮೊದಲು ನೀರಾಗಿಸುತ್ತದೆ. ಮೊಟ್ಟೆಯ ಬಿಳಿಯೂ ಪೂರ್ತಿ ಬೇಕಿಲ್ಲ, 20 ಮಿ.ಲೀ. ಸಾಕು.

ಬಾಲ್ಕನಿವಾಸಿ
ಶನಿವಾರದ ವರದಿ. ಹೊಸ ಗಾಜಿನ ಜಾಡಿಯಲ್ಲಿ ಮೂರು ಸಲ ಮಾಡಿದೆ. ಕುಡಿಯಲು ಸಹಾಯಕ್ಕೆ ಇಬ್ಬರು ಸ್ನೇಹಿತರಿದ್ದರು. ಮೊದಲನೆಯದನ್ನು ನನ್ನ ಹಳೆಯ ಕ್ರಮದಲ್ಲಿಯೇ, ನೇರವಾಗಿ ಮಂಜುಗಡ್ಡೆಯೊಂದಿಗೆ ಕುಲುಕಿದೆ. ಆಶ್ಚರ್ಯವೆಂದರೆ ಅದರ ನೊರೆಯೂ ಆರು ನಿಮಿಷ ನಿಂತಿತು. ಎಂದರೆ ಅಪರಾಧಿಗಳಲ್ಲಿ ದೊಡ್ಡವನು ರಬ್ಬರ್ ಉಂಗುರವೇ ಆಗಿದ್ದ. ಎರಡನೆಯದು ಮೊದಲು ಮಂಜುಗಡ್ಡೆ, ಸೋಸಿದ ಮೇಲೆ ಬರಿ ಕುಲುಕು: ಜಾಡಿಯನ್ನು ಬಗ್ಗಿಸಿದಾಗ ನೊರೆ ದೋಸೆಹಿಟ್ಟಿನಂತೆ ಮಡಚಿಕೊಂಡು ಇಳಿಯಿತು, ಕೊನೆಯ ಗುಟುಕಿನ ನಂತರವೂ ಲೋಟದ ಒಳಗೋಡೆಗೆ ಬಿಳಿ ಬಳೆಗಳಾಗಿ ಅಂಟಿಕೊಂಡಿತ್ತು. ಮೂರನೆಯದು ಕಡಲೆಕಟ್ಟಿನದು. ನೊರೆ ಮೊಟ್ಟೆಯದಕ್ಕಿಂತ ಎತ್ತರವಾಗಿ ಎದ್ದಿತು, ಆದರೆ ಬಾಯಲ್ಲಿ ಹಗುರ, ಬೇಗ ಮಾಯವಾಗುತ್ತದೆ, ಮತ್ತು ಸಸ್ಯಾಹಾರಿಸಂಜೆಯವರು ಮನ್ನಿಸಬೇಕು, ಎಲ್ಲೋ ಹಿಂಬದಿಯಲ್ಲಿ ಉಸಲಿಯ ನೆನಪು ಬರುತ್ತದೆ.

ಸಸ್ಯಾಹಾರಿಸಂಜೆ
ಕಟ್ಟನ್ನು ಸಾಕಷ್ಟು ಇಳಿಸಿಲ್ಲ ಅಥವಾ ಜಾಯಿಕಾಯಿ ತುರಿದಿಲ್ಲ, ಎರಡರಲ್ಲಿ ಒಂದು. ಮನ್ನಿಸುವುದಿಲ್ಲ.

ಮಲ್ಲೇಶ್ವರದಜ್ಜ
ಉಳಿದ ಹಳದಿಗಳನ್ನು ಏನು ಮಾಡಿದಿರಿ?

ಬಾಲ್ಕನಿವಾಸಿ
ಮೆಣಸಿನ ಪುಡಿ ಹಾಕಿ ಬುರ್ಜಿಯಾಯಿತು, ಅಜ್ಜ. ಚೆನ್ನಾಗಿ ಬೇಯಿಸಿಯೇ ತಿಂದೆವು.

ಸಿಲ್ಕ್‌ಬೋರ್ಡ್‌ಬಂಧಿ
ಮೊದಲ ದಿನ, ನನ್ನ ಮೊದಲ ಮಾತಿನಲ್ಲಿಯೇ ವಿಸ್ಕಿಗೆ ಬೆಣ್ಣೆ ಸವರಲಾಗಿದೆ ಎಂದು ರೋಗ ಗುರುತಿಸಿದ್ದೆ. ಪ್ರೋಟೀನು, ಪೆರು, ಬಸ್ಸಾರು ಎಲ್ಲವನ್ನೂ ಸುತ್ತಿ ಬಂದು ಅಲ್ಲಿಗೇ ತಲುಪಿದಿರಿ. ನನ್ನ ಸಲಹಾ ಶುಲ್ಕ ಒಂದು ಲೋಟ.

ಬಾಲ್ಕನಿವಾಸಿ
ಒಪ್ಪಿದೆ. ಆದರೆ ಕಾರು ಬೇಡ. ಹಳದಿ ಮಾರ್ಗದ ಮೆಟ್ರೊ ಹಿಡಿದು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಬರುವಾಗ ಗಾಂಧಿಬಜಾರಿನಿಂದ ಆರು ನಿಂಬೆಹಣ್ಣು ತನ್ನಿ, ತೆಳು ಸಿಪ್ಪೆಯವು.